ಕೈಗೆ ಬಂದ ಚಿನ್ನ ಬಿಟ್ಟವನೇನಲ್ಲ, ಬಾಡಿಗೆಯವನೂ ಅಲ್ಲ

ಹೊನಲು ಬೆಳಕಿನ ಕಬಡ್ಡಿ ಟೂರ್ನಿಗಳಲ್ಲಿ ಬಾಡಿಗೆ ರೈಡರ್‌ಗಳನ್ನು ಬೇಕಾದಷ್ಟು ಕಂಡ ಪಿ.ಟಿ. ಮೇಷ್ಟ್ರು ನಾನು. ಸಂಜೆ ಬೈಕಿನಲ್ಲಿ ಬಂದಿಳಿಯುತ್ತಾರೆ, ಯಾವುದೋ ಊರಿನ ಬನಿಯನ್ ತೊಟ್ಟು ನಾಲ್ಕು ರೈಡ್ ಹಾಕುತ್ತಾರೆ, ಬೆಳಗಾಗುವುದರೊಳಗೆ ಕವರ್ ಜೇಬಿಗಿಳಿಸಿ ಹೊರಡುತ್ತಾರೆ. ತಪ್ಪೇನಿಲ್ಲ, ಹೊಟ್ಟೆಪಾಡು. ಆದರೆ ಜಪಾನ್ ಪರ ರಗ್ಬಿ ಸೆವೆನ್ಸ್ ಆಡಿದ ಲೋಟೆ ಟುಕಿರಿಯನ್ನೂ ಇದೇ ಗುಂಪಿಗೆ ಸೇರಿಸಿ ಮಾತಾಡಿದರೆ ನನಗೆ ರೇಗುತ್ತದೆ.

ಟುಕಿರಿ ಹುಟ್ಟಿದ್ದು ಫಿಜಿಯಲ್ಲಿ. ಹದಿನೈದು ಜನ ಆಡುವ ಮೈದಾನದಲ್ಲಿ ಏಳೇ ಜನ ಓಡಾಡುವ ಈ ಆಟ ಒಲಿಂಪಿಕ್ಸ್‌ಗೆ ಕಾಲಿಟ್ಟದ್ದು 2016ರಲ್ಲಿ, ರಿಯೊದಲ್ಲಿ. ಏಳು ನಿಮಿಷದ ಎರಡು ಅವಧಿ. ಒಂದು ಟ್ಯಾಕಲ್ ಕೈತಪ್ಪಿದರೆ ಹಿಂದೆ ಯಾರೂ ಇರುವುದಿಲ್ಲ. ಮೊದಲ ದಿನವೇ ಜಪಾನ್ 14–12ರಿಂದ ನ್ಯೂಜಿಲೆಂಡನ್ನು ಮಣಿಸಿತು. ಎಂಟರ ಘಟ್ಟದಲ್ಲಿ ಫ್ರಾನ್ಸನ್ನೂ ಮನೆಗೆ ಕಳಿಸಿತು. ಸೆಮಿಫೈನಲ್‌ನಲ್ಲಿ ಎದುರಾದದ್ದು ಯಾರು? ಫಿಜಿ! ಜಪಾನ್ ತಂಡದಲ್ಲಿ ಟುಕಿರಿಯ ಜೊತೆ ಫಿಜಿಯಲ್ಲೇ ಹುಟ್ಟಿದ ಕಮೇಲಿ ಸೊಯೆಜಿಮಾ ಕೂಡ ಇದ್ದರು. 20–5ರಿಂದ ಫಿಜಿ ಗೆದ್ದಿತು. ಕಂಚಿನ ಪಂದ್ಯದಲ್ಲಿ ದಕ್ಷಿಣ ಆಫ್ರಿಕಾ 54–14ರಿಂದ ಜಪಾನನ್ನು ಜಜ್ಜಿ ಹಾಕಿತು. ಫಿಜಿ ಮಾತ್ರ ಬ್ರಿಟನ್ನನ್ನು 43–7ರಿಂದ ಸೋಲಿಸಿ ತನ್ನ ಮೊದಲ ಒಲಿಂಪಿಕ್ ಪದಕವನ್ನೇ ಚಿನ್ನದಲ್ಲಿ ಪಡೆಯಿತು.

2021ರ ಟೋಕಿಯೊದಲ್ಲೂ ಅದೇ ಕಥೆ. ಪ್ರೇಕ್ಷಕರಿಲ್ಲದ ಕ್ರೀಡಾಂಗಣ, ಮೊದಲ ಪಂದ್ಯವೇ ಫಿಜಿ ವಿರುದ್ಧ, 24–19ರ ಸೋಲು. ಜಪಾನ್ ಹನ್ನೊಂದನೇ ಸ್ಥಾನಕ್ಕಿಳಿಯಿತು, ಫಿಜಿಗೆ ಮತ್ತೆ ಚಿನ್ನ. ಲಾಭಕ್ಕಾಗಿ ದೇಶ ಬದಲಿಸಿದವನ ಲೆಕ್ಕವೇ ಇದು? ಹೌದು, ಫಿಜಿಯಲ್ಲಿ ತಂಡ ಸೇರುವುದು ಸುಲಭವಲ್ಲ, ಅಲ್ಲಿ ಇಂಥ ಓಟಗಾರರಿಗೆ ಬರವಿಲ್ಲ. ಅಷ್ಟನ್ನು ಒಪ್ಪುತ್ತೇನೆ.

ಹದಿನೈದು ಜನರ ರಗ್ಬಿಯಲ್ಲಾದರೆ ಇನ್ನೊಂದು ದೇಶದ ಪರ ಆಡಲು ಮೊದಲು ಅಲ್ಲಿ ಮೂರು ವರ್ಷ ನೆಲೆಸಿದರೆ ಸಾಕಿತ್ತು. ಈಗ ಅಲ್ಲಿನ ಒಕ್ಕೂಟದಲ್ಲಿ ಐದು ವರ್ಷ ನೋಂದಣಿ ಇದ್ದರೆ ಸಾಕು. ಒಲಿಂಪಿಕ್ಸ್‌ಗೆ ಪೌರತ್ವವೇ ಬೇಕು. ವಯಸ್ಕರು ಎರಡು ಪೌರತ್ವ ಇಟ್ಟುಕೊಳ್ಳುವುದನ್ನು ಜಪಾನಿನ ಕಾನೂನು ಒಪ್ಪುವುದಿಲ್ಲ. ಬೆಳಗಾದರೆ ಹೊರಡುವ ನಮ್ಮ ರೈಡರ್ ಇರುವ ಪೌರತ್ವ ಬಿಡುವ ಕಾಗದಕ್ಕೆ ಸಹಿ ಹಾಕುತ್ತಾನೆಯೇ?

ಕೋಪ ಬರಬೇಕಾದರೆ ಬೇರೆ ಕಡೆ ಬರಲಿ. ಪೆಸಿಫಿಕ್ ದ್ವೀಪಗಳ ಹುಡುಗರನ್ನು ಸ್ಕಾಲರ್‌ಶಿಪ್ ಕೊಟ್ಟು ಎಳೆವಯಸ್ಸಿನಲ್ಲೇ ಕರೆದೊಯ್ಯುವ ಶ್ರೀಮಂತ ದೇಶಗಳ ಮೇಲೆ, ಕ್ಲಬ್ಬುಗಳ ಮೇಲೆ ಬರಲಿ. ಅಲ್ಲಿ ಕೇಳಬೇಕಾದ ಪ್ರಶ್ನೆಗಳಿವೆ, ಅವಕ್ಕೆ ಉತ್ತರ ಕೊಡಬೇಕಾದವನು ಚೆಂಡು ಹಿಡಿದು ಓಡುವವನಲ್ಲ.

ನಮ್ಮ ಮನೆಬಾಗಿಲಿಗೂ ದೇಶ ಬದಲಿಸುವ ಈ ಪ್ರಶ್ನೆ ಬಂದಿದೆ. ಭಾರತದ ಪಾಸ್‌ಪೋರ್ಟ್ ಇಲ್ಲದವರು ಭಾರತದ ಪರ ಆಡುವಂತಿಲ್ಲ ಎಂದು 2008ರಿಂದಲೇ ನಿಯಮವಿದೆ. ಬೆಂಗಳೂರು ಎಫ್‌ಸಿಯ ಫುಟ್‌ಬಾಲ್ ಆಟಗಾರ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತೀಯರಾದರು. ನಾಳೆ ಅವರು ಬರಿದಾದ ಗೋಲಿನೆದುರು ಚೆಂಡನ್ನು ಆಚೆ ಒದ್ದರೆ, ಗ್ಯಾಲರಿಯಲ್ಲಿ ಕೂತವರು ಧಾರಾಳವಾಗಿ ಬೈಯಲಿ, ಗೋಲು ತಪ್ಪಿಸಿದ್ದಕ್ಕೆ. ಪರ್ತ್‌ನಲ್ಲಿ ಹುಟ್ಟಿದ್ದಕ್ಕೆ ಬೇಡ.