ಕಲಂ 2255ರಲ್ಲಿ ಕೊಟ್ಟ ಮಾತು: ಅಮೆರಿಕದ ಸೆನೆಟ್ ನ್ಯಾಯಾಂಗ ಸಮಿತಿಯ ಅಧ್ಯಕ್ಷರಿಗೆ ಬಹಿರಂಗ ಪತ್ರ



ಮೇಲ್ಮನವಿ ಮುಗಿದ ಮೇಲೂ ಫೆಡರಲ್ ಕೈದಿಯೊಬ್ಬ ತನ್ನ ಶಿಕ್ಷೆಯನ್ನು ಪ್ರಶ್ನಿಸಲು ಇರುವ ದಾರಿ ಫೆಡರಲ್ ಕಾನೂನಿನ ಕಲಂ 2255. ಸಂಸತ್ತು ಇದನ್ನು ರೂಪಿಸಿದ್ದು 1948ರಲ್ಲಿ. ಅದಕ್ಕೆ ಮುಂಚೆ ಕೈದಿ ತಾನಿರುವ ಸೆರೆಮನೆಯ ಜಿಲ್ಲೆಯಲ್ಲೇ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧನವೇ ಕಾನೂನುಬದ್ಧವೇ ಎಂದು ಪ್ರಶ್ನಿಸುವ ಅರ್ಜಿ, ಹಾಕಬೇಕಿತ್ತು. ದೊಡ್ಡ ಸೆರೆಮನೆಗಳಿದ್ದ ಕೆಲವೇ ಜಿಲ್ಲೆಗಳಲ್ಲಿ ಅರ್ಜಿಗಳು ರಾಶಿ ಬೀಳುತ್ತಿದ್ದವು. ಕಡತ, ಸಾಕ್ಷಿಗಳು ಇನ್ನೆಲ್ಲೋ ಇರುತ್ತಿದ್ದವು. ಆದ್ದರಿಂದ ಶಿಕ್ಷೆ ಕೊಟ್ಟ ನ್ಯಾಯಾಲಯಕ್ಕೇ ಅರ್ಜಿ ಹಾಕುವ ಏರ್ಪಾಡಾಯಿತು. ಜಾಗ ಬದಲಾದರೂ ಹಕ್ಕು ಮೊಟಕಾಗಿಲ್ಲವೆಂದು 1952ರ ಹೇಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಕಲಂ ಒಳಗೇ ಒಂದು ಮಾತನ್ನೂ ಕೊಡಲಾಗಿತ್ತು: ಈ ದಾರಿ ಸಾಲದೆ ಹೋದರೆ ಅಥವಾ ಪ್ರಯೋಜನಕ್ಕೆ ಬಾರದಿದ್ದರೆ ಹಳೆಯ ಹೇಬಿಯಸ್ ಬಾಗಿಲು ತೆರೆದಿರುತ್ತದೆ.

ಒಕ್ಲಹೋಮಾ ಸಿಟಿ ಬಾಂಬ್ ಸ್ಫೋಟದ ಮರುವರ್ಷ, 1996ರ ಏಪ್ರಿಲ್‌ನಲ್ಲಿ, ಸಂಸತ್ತು ಈ ದಾರಿಯನ್ನು ಕಿರಿದು ಮಾಡಿತು. ಅರ್ಜಿಗೆ ಒಂದು ವರ್ಷದ ಗಡುವು ಬಂತು. ಎರಡನೇ ಅರ್ಜಿಗೆ ಎರಡೇ ಕಾರಣ ಉಳಿದವು: ನಿರ್ದೋಷಿತ್ವವನ್ನು ತೋರಿಸುವ ಬಲವಾದ ಹೊಸ ಸಾಕ್ಷ್ಯ, ಇಲ್ಲವೇ ಸುಪ್ರೀಂ ಕೋರ್ಟ್ ಪೂರ್ವಾನ್ವಯಗೊಳಿಸಿದ ಹೊಸ ಸಾಂವಿಧಾನಿಕ ನಿಯಮ. ಮಾಡಿದ ಕೆಲಸ ಕಾಯ್ದೆಯ ಪ್ರಕಾರ ಅಪರಾಧವೇ ಅಲ್ಲವೆಂದು ನ್ಯಾಯಾಲಯ ಮುಂದೊಮ್ಮೆ ಅರ್ಥ ಹೇಳಿದರೆ ಕೈದಿಯ ಗತಿ ಏನು? 1996ರ ಕಾಯ್ದೆ ಅದನ್ನು ಹೇಳಲಿಲ್ಲ. ಬಹುತೇಕ ಫೆಡರಲ್ ಮೇಲ್ಮನವಿ ನ್ಯಾಯಾಲಯಗಳು 1948ರ ಮಾತನ್ನೇ ಹಿಡಿದು ಅಂಥವರಿಗೆ ಬಾಗಿಲು ತೆರೆದವು.

ಜೋನ್ಸ್ ಎಂಬ ಕೈದಿ ಆ ಮಾತನ್ನೇ ನಂಬಿದ. ಹಿಂದಿನ ಶಿಕ್ಷೆಯಿದ್ದೂ ಬಂದೂಕು ಇಟ್ಟುಕೊಂಡನೆಂದು 2000ದಲ್ಲಿ ಮಿಸೂರಿಯಲ್ಲಿ ಅವನಿಗೆ 327 ತಿಂಗಳ ಸಜೆಯಾಗಿತ್ತು. ಹಳೆಯ ದಾಖಲೆ ಅಳಿಸಿಹೋಗಿದೆ ಎಂದೇ ತಿಳಿದಿದ್ದೆ ಎಂಬುದು ಅವನ ವಾದ. ತಾನು ನಿಷೇಧಿತ ವರ್ಗಕ್ಕೆ ಸೇರಿದವನೆಂದು ಆರೋಪಿಗೆ ತಿಳಿದಿತ್ತು ಎಂಬುದನ್ನು ಸರ್ಕಾರ ಸಾಬೀತುಪಡಿಸಲೇಬೇಕೆಂದು 2019ರಲ್ಲಿ ರೆಹೈಫ್ ತೀರ್ಪು ಬಂದಾಗ, ಅವನು ತನ್ನ ಮೊದಲ ಅರ್ಜಿಯನ್ನು ಬಳಸಿ ವರ್ಷಗಳಾಗಿದ್ದವು. ಜಿಲ್ಲಾ ನ್ಯಾಯಾಲಯ, ಮೇಲ್ಮನವಿ ನ್ಯಾಯಾಲಯ, ಸುಪ್ರೀಂ ಕೋರ್ಟ್, ಎಲ್ಲವನ್ನೂ ಹತ್ತಿ ಇಳಿದದ್ದಾಯಿತು. 2023ರ ಜೂನ್ 22ರಂದು ಆರು-ಮೂರರ ಬಹುಮತದ ತೀರ್ಪು ಬಾಗಿಲನ್ನು ಮುಚ್ಚಿತು. ಅವನು ನಿರ್ದೋಷಿಯೋ ಅಲ್ಲವೋ ಎಂದು ಯಾರೂ ತೂಗಿ ನೋಡಲಿಲ್ಲ. ನೋಡುವ ಅಧಿಕಾರವೇ ಇಲ್ಲವೆಂದಾಯಿತು.

ಕೈದಿಯ ಕೈಗೆ ಕೊಡುವ ಅರ್ಜಿ ನಮೂನೆಯನ್ನು ಅಧ್ಯಕ್ಷರು ಒಮ್ಮೆ ತರಿಸಿ ಓದಬೇಕು. ಎಲ್ಲ ಕಾರಣಗಳನ್ನೂ ಈಗಲೇ ಬರೆಯದಿದ್ದರೆ ಮುಂದೆ ಅವಕಾಶ ತಪ್ಪಬಹುದೆಂದು ಅದು ಎಚ್ಚರಿಸುತ್ತದೆ. ಕಾನೂನು ವಾದ ಬೇಡ, ಸಂಗತಿಗಳನ್ನಷ್ಟೇ ಬರೆ ಎನ್ನುತ್ತದೆ. ಕೊನೆಯಲ್ಲಿ, ಸೆರೆಮನೆಯ ಅಂಚೆಗೆ ಹಾಕಿದ ದಿನಾಂಕವನ್ನು ತುಂಬಿ, ಸುಳ್ಳಾದರೆ ಶಿಕ್ಷೆಯೆಂದು ಒಪ್ಪಿ ಸಹಿ ಹಾಕಬೇಕು. ಆ ಹಾಳೆಯ ಮುಂದೆ ಕೂತವನಿಗೆ ವಕೀಲನನ್ನು ಪಡೆಯುವ ಸಾಂವಿಧಾನಿಕ ಹಕ್ಕಿಲ್ಲ. ಹತ್ತಿಪ್ಪತ್ತು ವರ್ಷ ಬಿಟ್ಟು ಬರಲಿರುವ ತೀರ್ಪನ್ನು ಅವನು ಯಾವ ಸಾಲಿನಲ್ಲಿ ಬರೆಯಬೇಕಿತ್ತು?

ತಪ್ಪು ಅರ್ಥ ಹೇಳಿದ್ದು ನ್ಯಾಯಾಲಯಗಳು. ಸಜೆ ಅನುಭವಿಸುವವನು ಕೈದಿ. ತೀರ್ಪಿಗೆ ಅಂತ್ಯವಿರಬೇಕೆಂಬ ವಾದ ಗೌರವಕ್ಕೆ ಅರ್ಹವಾದದ್ದೇ. ಆದರೆ ಸಂಸತ್ತು ಅಪರಾಧವೆಂದು ಕರೆಯದ ಕೆಲಸಕ್ಕೆ ಸಂಸತ್ತಿನ ಹೆಸರಿನಲ್ಲೇ ಮನುಷ್ಯನನ್ನು ಕೂಡಿಹಾಕುವುದು ಅಂತ್ಯವಲ್ಲ, ಅನ್ಯಾಯ. ಮೂವರು ನ್ಯಾಯಮೂರ್ತಿಗಳು ಭಿನ್ನಮತ ಬರೆದು ಇದನ್ನು ಸಾರಿ ಹೇಳಿದ್ದಾರೆ. ಇನ್ನೂ ಯಾರು ಹೇಳಬೇಕು?

1996ರ ಎರಡು ಕಾರಣಗಳಿಗೆ ಮೂರನೆಯದನ್ನು ಸೇರಿಸುವುದು ಸಂಸತ್ತಿನ ಕೈಯಲ್ಲಿದೆ: ಶಿಕ್ಷೆಗೊಳಗಾದ ಕೃತ್ಯ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ ಕಾಯ್ದೆಗೆ ಅರ್ಥ ಹೇಳಿದರೆ ಎರಡನೇ ಅರ್ಜಿಯನ್ನೂ ಕೇಳಬೇಕು. ಅಂಥ ಅರ್ಜಿದಾರನಿಗೆ ವಕೀಲರನ್ನು ಒದಗಿಸಬೇಕು, ಒಂದು ವರ್ಷದ ಗಡುವನ್ನು ಸಡಿಲಿಸಬೇಕು. ಈ ತಿದ್ದುಪಡಿಯನ್ನು ಸಮಿತಿಯ ಮುಂದೆ ಯಾವ ದಿನ ಇಡಲಾಗುವುದು ಎಂಬುದನ್ನು ಅಧ್ಯಕ್ಷರು ಬಹಿರಂಗವಾಗಿಯೇ ತಿಳಿಸಬೇಕು.