ಚಪ್ಪಾಳೆಗೆ ಐಎಫ್‌ಎಸ್‌ಸಿ ಕೋಡ್ ಇಲ್ಲ

'ಅಗತ್ಯ ಸೇವೆ' ಅನ್ನೋ ಮಾತನ್ನು ನಮ್ಮ ಸರ್ಕಾರಗಳು ಯಾವಾಗ ಬಳಸುತ್ತವೆ ಅಂತ ಯಾವತ್ತಾದರೂ ಗಮನಿಸಿದ್ದೀರಾ? ಸಂಬಳದ ಮಾತು ಬಂದಾಗ ಅಲ್ಲ, ಮುಷ್ಕರದ ಮಾತು ಬಂದಾಗ. ಎಸ್ಮಾ ಅಂದರೆ ಅಗತ್ಯ ಸೇವೆಗಳ ನಿರ್ವಹಣಾ ಕಾಯ್ದೆ. 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು ಆರನೇ ವೇತನ ಆಯೋಗದ ಸಂಬಳ ಕೊಡಿ ಅಂತ ಬಸ್ ನಿಲ್ಲಿಸಿದಾಗ ಮೊದಲು ಕೇಳಿಬಂದ ಪದ ಅದೇ. ಅಂದರೆ 'ನೀನು ಅಗತ್ಯ' ಅನ್ನೋದಕ್ಕೆ ಸರ್ಕಾರಿ ಕನ್ನಡದಲ್ಲಿ ಅರ್ಥ 'ನೀನು ನಿಲ್ಲಿಸೋ ಹಾಗಿಲ್ಲ' ಅಂತ. ನಿನಗೆ ಹೆಚ್ಚು ಕೊಡಬೇಕು ಅಂತ ಅಲ್ಲ.

ನನ್ನ ತಕರಾರು ಇಷ್ಟೇ. ಒಬ್ಬ ಮನುಷ್ಯನಿಗೆ 'ಆಗಲ್ಲ' ಅನ್ನೋ ಹಕ್ಕಿಲ್ಲ ಅಂತಾದರೆ, ಆ 'ಆಗಲ್ಲ'ಕ್ಕೆ ಬೆಲೆ ಕಟ್ಟಿ ಅವನ ಕೈಗೆ ಕೊಡಬೇಕು. ಸಾಂಕ್ರಾಮಿಕ ರೋಗದ ಕಾಲದಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ ಬೀದಿಗೆ ಇಳಿದವರಿಗೆ ಮೊದಲ ದಿನದಿಂದಲೇ ಹೆಚ್ಚುವರಿ ಕೂಲಿ ಸಿಗಬೇಕು. ಬಹುಮಾನ ಅಂತ ಅಲ್ಲ, ಸನ್ಮಾನ ಅಂತ ಅಲ್ಲ, ಕೂಲಿ ಅಂತ.

ಇದೇನು ಕ್ರಾಂತಿಕಾರಿ ಮಾತಲ್ಲ. ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿರೋ ಲೆಕ್ಕ. ನಮ್ಮದು ಸಾಗರದ ಕಡೆ, ಅಡಿಕೆ ಊರು. ಮಳೆಗಾಲದಲ್ಲಿ ಕೊಳೆರೋಗ ಬರುತ್ತೆ. ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಮಾಡಿ ಮರದ ಮೇಲೆ ಕೂತು ಗೊನೆಗೆ ಹೊಡೆಯಬೇಕು. ಪಾಚಿ ಕಟ್ಟಿದ ಮರ, ಜಾರುತ್ತೆ. ಒಂದು ಮರದಿಂದ ಇನ್ನೊಂದಕ್ಕೆ ಬಾಗಿಕೊಂಡು ದಾಟೋ ಕೊನೆಗೌಡನಿಗೆ ಕೊಡೋ ಕೂಲಿ, ಕೆಳಗೆ ನಿಂತು ಹಗ್ಗ ಹಿಡಿಯೋನ ಕೂಲಿಗಿಂತ ಎಷ್ಟೋ ಪಟ್ಟು ಹೆಚ್ಚು. ಇದನ್ನು ಅನ್ಯಾಯ ಅಂದ ತೋಟದ ಯಜಮಾನನನ್ನು ನಾನು ನೋಡಿಲ್ಲ. ಗೊಣಗಿದವರನ್ನು ನೋಡಿದ್ದೀನಿ, ಆದರೂ ಕೊಟ್ಟೇ ಕೊಡ್ತಾರೆ. ಯಾಕಂದರೆ ಕೊನೆಗೌಡ 'ಈ ವಾರ ಆಗಲ್ಲ ಹೆಗಡೇರೆ' ಅಂದುಬಿಟ್ಟರೆ ವರ್ಷದ ಫಸಲು ನೆಲಕ್ಕೆ ಉದುರುತ್ತೆ. ಅವನ ಕೂಲಿಯಲ್ಲಿ ಅಪಾಯದ ಬೆಲೆ ಇದೆ, ಅದಕ್ಕಿಂತ ಹೆಚ್ಚಾಗಿ ಅವನ ಬಾಯಲ್ಲಿರೋ 'ಆಗಲ್ಲ'ದ ಬೆಲೆ ಇದೆ.

ಬೆಂಗಳೂರಿನ ಪೌರಕಾರ್ಮಿಕಳ ಬಾಯಲ್ಲಿ ಆ ಪದ ಇಲ್ಲ. ಇವರಲ್ಲಿ ಬಹುಪಾಲು ಹೆಂಗಸರು, ಬಹುಪಾಲು ದಲಿತರು. ಒಂದು ದಿನ ಬರದಿದ್ದರೆ ಕೂಲಿ ಕಟ್, ನಾಲ್ಕು ದಿನ ಬರದಿದ್ದರೆ ಆ ಜಾಗಕ್ಕೆ ಇನ್ನೊಬ್ಬಳು. ಗುತ್ತಿಗೆದಾರರ ಕೈಯಿಂದ ಬಿಡಿಸಿ ಪಾಲಿಕೆಯೇ ನೇರವಾಗಿ ಸಂಬಳ ಕೊಡೋ ವ್ಯವಸ್ಥೆ ಬಂದದ್ದು 2018ರ ಹೊತ್ತಿಗೆ, ಅದೂ ವರ್ಷಗಟ್ಟಲೆ ಹೋರಾಡಿದ ಮೇಲೆ. ಆದರೆ ನೇರ ಪಾವತಿ ಅಂದರೆ ಖಾಯಂ ಅಲ್ಲ. ಆಟೋ ಟಿಪ್ಪರ್ ಓಡಿಸೋರು, ಅದರ ಹಿಂದೆ ನಿಂತು ಕಸ ಬೇರ್ಪಡಿಸೋರು ಅಷ್ಟಕ್ಕೂ ಬರಲಿಲ್ಲ, ಗುತ್ತಿಗೆದಾರನ ಬಳಿಯೇ ಉಳಿದರು. ಇಂಥವರ ಮುಂದೆ 2020ರ ಮಾರ್ಚ್ ಬಂತು.

ಮಾರ್ಚ್ 22ರ ಸಂಜೆ ಐದಕ್ಕೆ ನಾವೆಲ್ಲ ಬಾಲ್ಕನಿಗೆ ಬಂದು ಚಪ್ಪಾಳೆ ತಟ್ಟಿದೆವು. 25ರಿಂದ ಲಾಕ್‌ಡೌನ್. ಆ ಆದೇಶದಲ್ಲೇ ನೈರ್ಮಲ್ಯ, ನೀರು, ವಿದ್ಯುತ್ ಸಿಬ್ಬಂದಿಗೆ ವಿನಾಯಿತಿ ಇತ್ತು. ಎಂಥಾ ಚಂದದ ಪದ ನೋಡಿ, ವಿನಾಯಿತಿ! ನಾವು ಮನೆಯಲ್ಲಿ ಕೂತದ್ದು ಕಡ್ಡಾಯ, ಅವರು ಹೊರಗೆ ಬಂದದ್ದು ವಿನಾಯಿತಿ. ಬಳಸಿದ ಮಾಸ್ಕನ್ನು ಕಾಗದದ ಚೀಲದಲ್ಲಿ 72 ಗಂಟೆ ಇಟ್ಟು ಆಮೇಲೆ ಕಸಕ್ಕೆ ಹಾಕಿ ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿತ್ತು. ನಿಮ್ಮ ಫ್ಲೋರಿನಲ್ಲಿ ಎಷ್ಟು ಮನೆಯವರು ಹಾಗೆ ಮಾಡಿದರು? ಸ್ವಿಗ್ಗಿ ಡಬ್ಬಿ, ತರಕಾರಿ ಸಿಪ್ಪೆ, ಮೂಗು ಒರೆಸಿದ ಟಿಶ್ಯೂ, ಮಾಸ್ಕ್, ಎಲ್ಲಾ ಒಂದೇ ಕವರಿನಲ್ಲಿ. ಆ ಕವರಿನ ಗಂಟು ಬಿಚ್ಚಿದ ಕೈಗೆ ಗ್ಲೌಸ್ ಇತ್ತೋ ಇಲ್ಲವೋ ಮೇಲಿಂದ ಕಾಣುತ್ತಿರಲಿಲ್ಲ.

ಅದೇ ಹೊತ್ತಿಗೆ ನಮಗೇನು ಸಿಕ್ಕಿತು? ಕುರ್ಚಿ. ಹೌದು ಮಾರಾಯ್ರೆ, ಕುರ್ಚಿ. ಮನೆಯಿಂದ ಕೆಲಸ ಮಾಡೋಕೆ ಅಂತ ಕುರ್ಚಿ, ಮಾನಿಟರ್, ಇಂಟರ್ನೆಟ್ಟಿಗೆ ಭತ್ಯೆ. ಗೂಗಲ್ 2020ರ ಮೇ ತಿಂಗಳಲ್ಲಿ ತನ್ನ ಉದ್ಯೋಗಿಗಳಿಗೆ ತಲಾ 1,000 ಡಾಲರ್ ಘೋಷಿಸಿತು. ನಮ್ಮ ನಿಮ್ಮ ಕಂಪನಿಗಳು ಅಷ್ಟಲ್ಲದಿದ್ದರೂ ತಮ್ಮ ಕೈಲಾದಷ್ಟು ಕೊಟ್ಟವು. ತಪ್ಪೇನಿಲ್ಲ, ಬೆನ್ನು ನೋವು ಸುಳ್ಳಲ್ಲ. ಆದರೆ ಬೆನ್ನಿಗೆ ಬೆಲೆ ಕಟ್ಟೋಕೆ ಒಂದು ತಿಂಗಳೊಳಗೆ ಪಾಲಿಸಿ ಬರೆಯಬಹುದಾದರೆ, ಶ್ವಾಸಕೋಶಕ್ಕೆ ಬೆಲೆ ಕಟ್ಟೋಕೆ ಯಾಕೆ ಆಗಲ್ಲ? ರಾತ್ರಿ ಎರಡಕ್ಕೆ ಪಿ-ಒನ್ ಟಿಕೆಟ್ ಬಂದರೆ ಹಾಸಿಗೆಯಲ್ಲಿ ಕೂತೇ ಲಾಗಿನ್ ಆಗೋದಕ್ಕೆ ಆನ್-ಕಾಲ್ ಭತ್ಯೆ ಕೇಳಿ ಪಡೆಯೋ ಜನ ನಾವು. ವಾರಾಂತ್ಯ ಡಿಪ್ಲಾಯ್‌ಮೆಂಟ್ ಇದ್ದರೆ ಸೋಮವಾರ ಬೆಳಿಗ್ಗೆಯೇ ಕಾಂಪ್-ಆಫ್ ಮೇಲ್ ಹೋಗಿರುತ್ತೆ.

ಬೀದಿಯವರಿಗೆ ಬಂದದ್ದು ಹೂವು. ಮೇ 3ರಂದು ವಾಯುಪಡೆಯ ಹೆಲಿಕಾಪ್ಟರ್‌ಗಳು ದೇಶದಾದ್ಯಂತ ಆಸ್ಪತ್ರೆಗಳ ಮೇಲೆ ಹೂಮಳೆ ಸುರಿಸಿದವು. ಬಿದ್ದ ಹೂವನ್ನು ಗುಡಿಸಿದವರು ಯಾರು ಅಂತ ಯಾವ ಚಾನೆಲ್ಲೂ ತೋರಿಸಲಿಲ್ಲ. ಮೂರು ದಿನ ಬಿಟ್ಟು, ಮೇ 6ಕ್ಕೆ, ಯಡಿಯೂರಪ್ಪನವರ ಸರ್ಕಾರ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿತು. ಹೂವು ಬೆಳೆಗಾರರಿಗೆ ಹೆಕ್ಟೇರಿಗೆ 25,000, ಅಗಸರಿಗೆ, ಕ್ಷೌರಿಕರಿಗೆ, ಆಟೋ-ಟ್ಯಾಕ್ಸಿ ಚಾಲಕರಿಗೆ ತಲಾ 5,000. ಕೊಟ್ಟದ್ದು ಸರಿ, ಇನ್ನೂ ಕೊಡಬೇಕಿತ್ತು. ಆದರೆ ತರ್ಕ ಗಮನಿಸಿ. ಕೆಲಸ ನಿಲ್ಲಿಸು ಅಂತ ಹೇಳಿಸಿಕೊಂಡವನಿಗೆ ಪರಿಹಾರ ಕೊಡಬೇಕು ಅಂತ ಸರ್ಕಾರಕ್ಕೆ ಹೊಳೆಯಿತು. ಕೆಲಸ ನಿಲ್ಲಿಸಬೇಡ ಅಂತ ಹೇಳಿಸಿಕೊಂಡವಳಿಗೂ ಏನಾದರೂ ಕೊಡಬೇಕು ಅಂತ ಹೊಳೆಯಲಿಲ್ಲ. ಆಶಾ ಕಾರ್ಯಕರ್ತೆಯರಿಗೆ ಒಂದು ಸಲದ 3,000 ಬಂತು, ಅದು ಕೂಡ ಸಹಕಾರ ಸಂಸ್ಥೆಗಳ ಕಡೆಯಿಂದ, ಸಚಿವರ ಕೈಯಿಂದ, ಫೋಟೋ ಸಮೇತ ಚೆಕ್ ರೂಪದಲ್ಲಿ. ಎರಡೇ ತಿಂಗಳಲ್ಲಿ, ಜುಲೈ 10ರಿಂದ, ಅದೇ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ಗೌರವಧನ ಖಚಿತ ಮಾಡಿ ಅಂತ ಕೆಲಸ ನಿಲ್ಲಿಸಬೇಕಾಯ್ತು. ಮೂರು ಸಾವಿರದ ಚೆಕ್ಕು ಯಾರ ಸಮಾಧಾನಕ್ಕೆ ಅಂತ ಇದರಿಂದಲೇ ತಿಳಿಯುತ್ತೆ.

'50 ಲಕ್ಷದ ವಿಮೆ ಇತ್ತಲ್ಲ ಸ್ವಾಮಿ' ಅಂತ ಒಬ್ಬ ಗೆಳೆಯ ನನ್ನ ಹತ್ತಿರ ವಾದ ಮಾಡಿದ. ಆರೋಗ್ಯ ಕಾರ್ಯಕರ್ತರಿಗೆ ಅಂತ ಕೇಂದ್ರ 2020ರ ಮಾರ್ಚ್ 26ಕ್ಕೆ ಘೋಷಿಸಿದ ಯೋಜನೆ ಅದು. ಇರಲಿ, ಎಲ್ಲರಿಗೂ ಇರಲಿ. ಆದರೆ ವಿಮೆ ಸತ್ತವನ ಮನೆಗೆ ಹೋಗುತ್ತೆ. ಸಾಯದೆ, ಆರು ತಿಂಗಳು ಹೆದರಿಕೊಂಡು, ಮನೆಗೆ ಹೋದ ಮೇಲೆ ಮಗುವನ್ನು ಮುಟ್ಟದೆ, ಹತ್ತಡಿ ಕೋಣೆಯಲ್ಲಿ ಬೇರೆ ಮಲಗೋಕೆ ಜಾಗವೂ ಇಲ್ಲದೆ ಕೆಲಸ ಮಾಡಿದವಳಿಗೆ ವಿಮೆ ಕೊಡೋದು ಸೊನ್ನೆ. ಬದುಕಿದ್ದಕ್ಕೆ ಕೂಲಿ ಬೇಕಲ್ವಾ?

ಈಗ ಇನ್ನೊಂದು ಕಾನೂನು ನೋಡಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿಯೇ ಲಾಕ್‌ಡೌನ್ ಹೇರಿದ್ದು. ಅದರ 65ನೇ ಸೆಕ್ಷನ್ ಪ್ರಕಾರ ಸರ್ಕಾರ ನಿಮ್ಮ ಕಟ್ಟಡವನ್ನೋ ವಾಹನವನ್ನೋ ವಿಪತ್ತಿನ ಕೆಲಸಕ್ಕೆ ವಶಕ್ಕೆ ತಗೋಬಹುದು. ತಗೊಂಡರೆ 66ನೇ ಸೆಕ್ಷನ್ ಪ್ರಕಾರ ಬಾಡಿಗೆ ನೋಡಿ ಪರಿಹಾರ ಕೊಡಲೇಬೇಕು. ಕಾರಿಗೆ ಬಾಡಿಗೆ ಇದೆ, ಕಲ್ಯಾಣ ಮಂಟಪಕ್ಕೆ ಬಾಡಿಗೆ ಇದೆ. ಆ ಕಾರಿನೊಳಗೆ ಕೂತು ಹೋಗಿ ಆ ಮಂಟಪವನ್ನು ಗುಡಿಸಿದವಳಿಗೆ ಎಂದಿನ ದಿನಗೂಲಿ.

ಸೈನಿಕರ ಉದಾಹರಣೆ ತರೋರು ಬಹಳ ಜನ ಇದ್ದಾರೆ. 'ಗಡಿಯಲ್ಲಿ ನಿಂತವನು ಎಕ್ಸ್‌ಟ್ರಾ ಕೇಳ್ತಾನಾ?' ಕೇಳೋದೇನು, ಕೊಡ್ತಾರೆ! ಸಿಯಾಚಿನ್ ಭತ್ಯೆ ಅಂತಲೇ ಇದೆ. ಏಳನೇ ವೇತನ ಆಯೋಗದ ನಂತರ ಅದು ಜವಾನರಿಗೆ ತಿಂಗಳಿಗೆ 30,000, ಅಧಿಕಾರಿಗಳಿಗೆ 42,500 ಆಗಿತ್ತು. (ಅಧಿಕಾರಿಗೆ ಚಳಿ ಹೆಚ್ಚಾಗುತ್ತೆ ಅಂತ ಕಾಣುತ್ತೆ.) ಕೇಂದ್ರ ಸರ್ಕಾರದ ಬಳಿ 'ಅಪಾಯ ಮತ್ತು ಕಷ್ಟ'ದ ಒಂದು ಮ್ಯಾಟ್ರಿಕ್ಸ್ ಇದೆ. ಒಂದು ಕಡೆ ಅಪಾಯದ ಮೂರು ಮಟ್ಟ, ಇನ್ನೊಂದು ಕಡೆ ಕಷ್ಟದ ಮೂರು ಮಟ್ಟ, ಒಟ್ಟು ಒಂಬತ್ತು ಚೌಕ, ಒಂದೊಂದು ಚೌಕಕ್ಕೂ ಒಂದೊಂದು ಮೊತ್ತ, ಇವೆಲ್ಲದರ ಮೇಲೆ ಸಿಯಾಚಿನ್‌ಗೆ ಅಂತಲೇ ಹತ್ತನೆಯದು. ಇಂಜಿನಿಯರ್ ಆಗಿ ನನಗೆ ಇದು ಬಹಳ ಇಷ್ಟವಾಯ್ತು. ಅಂದರೆ ಅಪಾಯವನ್ನು ಅಳೆಯೋಕೆ, ಅದಕ್ಕೆ ರೂಪಾಯಿ ಕಟ್ಟೋಕೆ ನಮ್ಮ ಸರ್ಕಾರಕ್ಕೆ ಬರುತ್ತೆ. ಆ ಕೋಷ್ಟಕದಲ್ಲಿ ಊರಿನ ಕಸಕ್ಕೊಂದು ಚೌಕ ಇಲ್ಲ, ಅಷ್ಟೇ. ಟೇಬಲ್ ರೆಡಿ ಇದೆ, ಒಂದು ರೋ ಇನ್ಸರ್ಟ್ ಮಾಡಬೇಕು.

ಹೊರಗಿನವರು ಏನು ಮಾಡಿದರು ಅನ್ನೋದು ನಮ್ಮಲ್ಲಿ ಅನೇಕರಿಗೆ ಕ್ಲೈಂಟ್ ಕಾಲ್‌ಗಳಲ್ಲೇ ಗೊತ್ತಾಗಿರುತ್ತೆ. ಕೆನಡಾದ ಒಂಟಾರಿಯೋ ಪ್ರಾಂತ್ಯ 2020ರ ಏಪ್ರಿಲ್ 24ರಿಂದ 16 ವಾರ ಮುಂಚೂಣಿ ಕೆಲಸಗಾರರಿಗೆ ಗಂಟೆಗೆ 4 ಡಾಲರ್ ಹೆಚ್ಚು ಕೊಟ್ಟಿತು. ಅಮೆರಿಕದ ಕಥೆ ಇನ್ನೂ ಪಾಠದಂತಿದೆ. ಕ್ರೋಗರ್ ಅನ್ನೋ ದಿನಸಿ ಅಂಗಡಿಗಳ ಸರಣಿ ತನ್ನ ಕೆಲಸಗಾರರಿಗೆ 'ಹೀರೋ ಬೋನಸ್' ಅಂತ ಗಂಟೆಗೆ 2 ಡಾಲರ್ ಶುರು ಮಾಡಿ, ಮೇ ಮಧ್ಯದಲ್ಲಿ ನಿಲ್ಲಿಸಿತು. ವೈರಸ್ ನಿಂತಿರಲಿಲ್ಲ, ಬೋನಸ್ ನಿಂತಿತು. ದಯೆಯಿಂದ ಕೊಟ್ಟದ್ದನ್ನು ದಯೆ ಮುಗಿದಾಗ ವಾಪಸ್ ತಗೋಬಹುದು, ಕೇಳೋರಿಲ್ಲ. ಕೊನೆಗೆ ಸಿಯಾಟಲ್ ನಗರಸಭೆ ದಿನಸಿ ಅಂಗಡಿ ಕೆಲಸಗಾರರಿಗೆ ಗಂಟೆಗೆ 4 ಡಾಲರ್ ಕಡ್ಡಾಯ ಅಂತ ಕಾನೂನನ್ನೇ ತಂದಿತು, 2021ರ ಫೆಬ್ರವರಿಯಿಂದ ಜಾರಿ. ಕ್ರೋಗರ್ ಸಿಟ್ಟಿನಿಂದ ಅಲ್ಲಿ ಎರಡು ಅಂಗಡಿ ಮುಚ್ಚುತ್ತೀನಿ ಅಂದಿತು. ಮಾರ್ಚ್‌ನಲ್ಲಿ ಬಂದ ಅಮೆರಿಕದ ಪರಿಹಾರ ಕಾಯ್ದೆ, ನಗರಗಳು ಕೇಂದ್ರದ ಹಣದಲ್ಲೇ ಅಗತ್ಯ ಕೆಲಸಗಾರರಿಗೆ ಗಂಟೆಗೆ 13 ಡಾಲರ್‌ವರೆಗೆ, ಒಬ್ಬರಿಗೆ ಒಟ್ಟು 25,000 ಡಾಲರ್ ಮೀರದಂತೆ ಹೆಚ್ಚುವರಿ ಕೊಡಬಹುದು ಅಂತ ಬರೆಯಿತು. ಕೊಟ್ಟ ನಗರಗಳೂ ಇವೆ, ಕೊಡದ ನಗರಗಳೂ ಇವೆ. ಆದರೆ ಕಾಗದದ ಮೇಲೆ ಒಂದು ಸಂಖ್ಯೆ ಇತ್ತು, ಅದನ್ನು ಹಿಡಿದು ಜಗಳ ಆಡಬಹುದಿತ್ತು. ನಮ್ಮವರ ಕೈಯಲ್ಲಿ ಜಗಳಕ್ಕೂ ಒಂದು ಸಂಖ್ಯೆ ಇರಲಿಲ್ಲ.

ದುಡ್ಡೆಲ್ಲಿದೆ ಅಂತೀರಾ? ಬೆಂಗಳೂರಿಗೆ 15,000 ಪೌರಕಾರ್ಮಿಕರು ಅಂತ ಇಟ್ಟುಕೊಳ್ಳಿ. ತಲಾ ತಿಂಗಳಿಗೆ 5,000 ಹೆಚ್ಚುವರಿ ಅಂದರೆ ಏಳೂವರೆ ಕೋಟಿ, ವರ್ಷಕ್ಕೆ 90 ಕೋಟಿ. ಆ ವರ್ಷದ ಪಾಲಿಕೆ ಬಜೆಟ್ ಹತ್ತು ಸಾವಿರ ಕೋಟಿಯ ಮೇಲಿತ್ತು. ನೂರಕ್ಕೆ ಒಂದು ರೂಪಾಯಿಯೂ ಆಗಲ್ಲ. ಇದಕ್ಕಿಂತ ಹೆಚ್ಚು ಮಾತು ಈ ವಿಷಯಕ್ಕೆ ಬೇಡ.

'ಎಲ್ಲರ ಕೆಲಸ ಹೋದಾಗ ಅವರಿಗೆ ಕೆಲಸ ಇತ್ತಲ್ಲ, ಅದೇ ಪುಣ್ಯ' ಅನ್ನೋ ಮಾತೂ ಕೇಳಿದ್ದೀನಿ, ಅದೂ ಹೈಕ್ ಐದು ಪರ್ಸೆಂಟ್ ಬಂತು ಅಂತ ರೆಸ್ಯೂಮೆ ಅಪ್‌ಡೇಟ್ ಮಾಡಿದವರ ಬಾಯಲ್ಲಿ. ನಮ್ಮ ಕೆಲಸವೂ ಉಳಿದಿತ್ತು, ನಾವು ಅದನ್ನು ಪುಣ್ಯ ಅಂದುಕೊಂಡು ಅಪ್ರೈಸಲ್ ಬಿಟ್ಟೆವಾ?

ಸರ್ಕಾರಕ್ಕೆ ಇದು ಗೊತ್ತಿಲ್ಲ ಅಂತಲ್ಲ. 2022ರ ಮಾರ್ಚ್ ಬಜೆಟ್‌ನಲ್ಲಿ ಬೊಮ್ಮಾಯಿಯವರು ಪೌರಕಾರ್ಮಿಕರಿಗೆ ತಿಂಗಳಿಗೆ 2,000 ರೂಪಾಯಿ 'ಸಂಕಷ್ಟ ಭತ್ಯೆ' ಘೋಷಿಸಿದರು. ಪದ ಸಿಕ್ಕಿತು, ಎರಡು ವರ್ಷ ತಡವಾಗಿ, ಮೂರು ಅಲೆ ದಾಟಿದ ಮೇಲೆ. ಆದರೆ ಭತ್ಯೆಯ ಪದ ಬಂದ ಅದೇ ವರ್ಷ ಜುಲೈ ಮೊದಲ ವಾರದಲ್ಲಿ ನೇರ ಪಾವತಿಯ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಫ್ರೀಡಂ ಪಾರ್ಕಿನಲ್ಲಿ ಕೂತರು. ಖಾಯಂ ಮಾಡಿ ಅನ್ನೋದು ಬೇಡಿಕೆ. ನಾಲ್ಕು ದಿನಕ್ಕೆ ನಗರ ನಾರಿತು, ಮುಖ್ಯಮಂತ್ರಿಗಳ ಭರವಸೆ ಬಂತು, ಸೆಪ್ಟೆಂಬರ್‌ನಲ್ಲಿ ಸಂಪುಟ ರಾಜ್ಯದ 11,133 ಮಂದಿಯನ್ನು ಖಾಯಂ ಮಾಡೋಕೆ ಒಪ್ಪಿತು. ಲಾಕ್‌ಡೌನ್‌ನಲ್ಲಿ ಮಾಡಿದ ಸೇವೆಯಿಂದ ಆಗದ್ದು, ನಾಲ್ಕು ದಿನ ಸೇವೆ ನಿಲ್ಲಿಸಿದ್ದರಿಂದ ಆಯ್ತು. ಕೊನೆಗೌಡನ 'ಆಗಲ್ಲ' ಬೆಂಗಳೂರಲ್ಲೂ ಕೆಲಸ ಮಾಡುತ್ತೆ.

ಆದರೆ ಮುಂದಿನ ಸಲ ರೋಗ ಬಂದಾಗ ಅವರಿಗೆ ಆ 'ಆಗಲ್ಲ' ಹೇಳೋಕೆ ಬಿಡಲ್ಲ, ಬಿಡಬಾರದು ಅಂತ ನಾವೇ ಹೇಳ್ತೀವಿ. ಹಾಗಾಗಿ ನಿಯಮ ಈಗಲೇ ಬರೆಯಬೇಕು, ಊರು ಸುಮ್ಮನಿದ್ದಾಗ. ವಿಪತ್ತು ಕಾಯ್ದೆಯಡಿ ಆದೇಶ ಹೊರಟ ದಿನವೇ ತಾನಾಗಿ ಶುರುವಾಗೋ ಕೂಲಿ. ಆದೇಶ ಹಿಂದಕ್ಕೆ ಪಡೆದ ದಿನ ತಾನಾಗಿ ನಿಲ್ಲೋ ಕೂಲಿ. ಯಾರೂ ಅರ್ಜಿ ಹಾಕಬೇಕಿಲ್ಲ, ಸಚಿವರ ಜೊತೆ ಫೋಟೋ ಬೇಕಿಲ್ಲ. ಖಾಯಮ್ಮೋ ನೇರ ಪಾವತಿಯೋ ಗುತ್ತಿಗೆಯೋ ಅಂತ ಕೇಳಬಾರದು, ಆವತ್ತು ಬೀದಿಯಲ್ಲಿದ್ದರಾ ಅಂತ ಮಾತ್ರ ಕೇಳಬೇಕು. ಹಾಜರಾತಿಗೆ ಬಯೋಮೆಟ್ರಿಕ್ ಇಟ್ಟಿದ್ದಾರಲ್ಲ, ಸಂಬಳ ಕತ್ತರಿಸೋಕೆ ಬಳಸುವ ಡೇಟಾವನ್ನು ಕೂಡಿಸೋಕೂ ಬಳಸಲಿ.

ಇನ್ನು ನಮ್ಮ ಪಾಲಿನದು. ದೊಡ್ಡ ಅಪಾರ್ಟ್‌ಮೆಂಟುಗಳ ಕಸ ಪಾಲಿಕೆಯ ಲೆಕ್ಕಕ್ಕೆ ಬರಲ್ಲ. ಸಗಟು ಕಸ ಉತ್ಪಾದಕರು ಅನ್ನಿಸಿಕೊಂಡ ನಾವೇ ಅದರ ವಿಲೇವಾರಿ ನೋಡಿಕೊಳ್ಳಬೇಕು ಅನ್ನೋದು ನಿಯಮ. ಅಂದರೆ ಅಲ್ಲಿ ಮಾಲೀಕ ಸರ್ಕಾರ ಅಲ್ಲ, ನಾವು. ಹೌಸ್‌ಕೀಪಿಂಗ್, ಸೆಕ್ಯುರಿಟಿ, ಕಸ, ಮೂರಕ್ಕೂ ವರ್ಷವರ್ಷ ನವೀಕರಿಸೋ ಒಪ್ಪಂದ ಇದೆ, ಅದರಲ್ಲಿ ಡೀಸೆಲ್ ಬೆಲೆ ಏರಿದರೆ ಜನರೇಟರ್ ದರ ಪರಿಷ್ಕರಿಸೋ ಕಲಂ ಕೂಡ ಇರುತ್ತೆ. ಮುಂದಿನ ವಾರ್ಷಿಕ ಸಭೆಯಲ್ಲಿ ಈಜುಕೊಳದ ಟೈಲ್ಸ್ ಚರ್ಚೆ ಮುಗಿದ ಮೇಲೆ ಹತ್ತು ನಿಮಿಷ ಉಳಿದರೆ ಇನ್ನೊಂದು ಕಲಂ ಸೇರಿಸಿ: ಲಾಕ್‌ಡೌನ್ ಇದ್ದಷ್ಟು ದಿನ ಸೈಟಿಗೆ ಬಂದ ಪ್ರತಿಯೊಬ್ಬರಿಗೂ ಒಂದೂವರೆ ಪಟ್ಟು ಕೂಲಿ, ವೆಂಡರ್ ಕಮಿಷನ್ ಕಳೆಯದೆ, ನೇರವಾಗಿ ಅವರ ಬ್ಯಾಂಕ್ ಖಾತೆಗೆ. ಮೇಂಟೆನೆನ್ಸ್ ಎಷ್ಟು ಹೆಚ್ಚಾಗುತ್ತೆ ಅಂತ ಯಾರಾದರೂ ಕೇಳೇ ಕೇಳ್ತಾರೆ. ಎಕ್ಸೆಲ್ ತೆಗೆದು ಅಲ್ಲೇ ತೋರಿಸಿ.