ಓರ್ಲ್ಯಾಂಡೋ ತೀರ್ಪು

ಅಮೆರಿಕದ ಫ್ಲಾರಿಡಾ ಸಂಸ್ಥಾನದ ಓರ್ಲ್ಯಾಂಡೋ ನಗರದಲ್ಲಿ 2011ನೆಯ ಇಸವಿ ಜುಲೈ 5ರಂದು ಹನ್ನೆರಡು ಮಂದಿ ಜೂರರು ಕೊಟ್ಟ ತೀರ್ಪಿನಷ್ಟು ಜನರ ತಿರಸ್ಕಾರಕ್ಕೆ ಗುರಿಯಾದ ತೀರ್ಪು ಈ ಶತಮಾನದಲ್ಲಿ ವಿರಳವೆಂದೇ ಹೇಳಬೇಕು. ಮೂರು ವರ್ಷವೂ ತುಂಬದ ಕೇಲೀ ಎಂಬ ಹೆಣ್ಣುಕೂಸಿನ ಕೊಲೆಯ ಆರೋಪವನ್ನು ಹೊತ್ತು ನಿಂತಿದ್ದ ತಾಯಿ ಕೇಸೀ ಆಂಥೊನಿಯನ್ನು ಅವರು ಆ ಆರೋಪದಿಂದ ಬಿಡುಗಡೆ ಮಾಡಿದರು. ನ್ಯಾಯಾಲಯದ ಹೊರಗೆ ನೆರೆದಿದ್ದ ಜನ ಕೂಗಾಡಿದರು. ನ್ಯಾಯವೇ ಸತ್ತಿತೆಂದು ದೇಶವೆಲ್ಲ ಹುಯ್ಯಲಿಟ್ಟಿತು. ಆದರೂ ಜೂರರು ಮಾಡಿದುದೇ ಸರಿಯೆಂಬುದು ನಮ್ಮ ಅಭಿಪ್ರಾಯವಾಗಿದೆ. ಇಷ್ಟು ವರ್ಷಗಳ ಮೇಲೆ, ಇಷ್ಟು ದೂರದ ಖಟ್ಲೆಯನ್ನು ನಾವು ಎತ್ತಿಕೊಳ್ಳಲು ಕಾರಣವಿಲ್ಲದಿಲ್ಲ. ನಮ್ಮ ಊರುಗಳಲ್ಲಿಯೂ ಆರೋಪಿಯೊಬ್ಬನು ಖುಲಾಸೆಯಾದಾಗಲೆಲ್ಲ “ಲೋಕಕ್ಕೆಲ್ಲ ಗೊತ್ತಿದ್ದುದು ಕೋರ್ಟಿಗೆ ಮಾತ್ರ ಗೊತ್ತಾಗಲಿಲ್ಲವೇ?” ಎಂಬ ಮಾತು ಕಚೇರಿಯ ಜಗಲಿಯಿಂದ ಚಹದಂಗಡಿಯವರೆಗೆ ಕೇಳಿಬರುವುದು ವಾಚಕರಿಗೆ ತಿಳಿದೇ ಇದೆ.

ಜನರ ಕೋಪ ನಿರಾಧಾರವಾಗಿತ್ತೆಂದು ಯಾರೂ ಹೇಳಲಾರರು. ಮಗು ಕೊನೆಯ ಸಲ ಕಂಡುದು 2008ರ ಜೂನ್ 16ರಂದು. ಪೊಲೀಸರಿಗೆ ಸುದ್ದಿ ಮುಟ್ಟಿದುದು ಜುಲೈ 15ರಂದು. ಮುಟ್ಟಿಸಿದವಳು ಅಜ್ಜಿಯೇ ಹೊರತು ತಾಯಿಯಲ್ಲ. ನಡುವಣ ದಿನಗಳನ್ನು ತಾಯಿ ಗೆಳೆಯರೊಡನೆ ವಿನೋದದಲ್ಲಿ ಕಳೆದಿದ್ದಳು. ದಾದಿಯೊಬ್ಬಳು ಮಗುವನ್ನು ಒಯ್ದಳೆಂದು ಹೇಳಿದಳು. ಅಂಥ ದಾದಿಯೇ ಇರಲಿಲ್ಲ. ಯೂನಿವರ್ಸಲ್ ಸ್ಟೂಡಿಯೋದಲ್ಲಿ ತನಗೆ ನೌಕರಿಯಿದೆಯೆಂದು ಪತ್ತೇದಾರರನ್ನು ಅಲ್ಲಿಯವರೆಗೂ ಕರೆದೊಯ್ದು, ಮುಂದೆ ಹೋಗಲು ದಾರಿಯಿಲ್ಲದಾಗ ಅದೂ ಸುಳ್ಳೆಂದು ಒಪ್ಪಿಕೊಂಡಳು. ಡಿಸೆಂಬರ್ 11ರಂದು ಮನೆಗೆ ಅನತಿದೂರದ ಕುರುಚಲು ಕಾಡಿನಲ್ಲಿ ಕೂಸಿನ ಎಲುಬುಗಳು ಸಿಕ್ಕವು; ತಲೆಬುರುಡೆಯ ಬಳಿ ಅಂಟುಪಟ್ಟಿಯಿತ್ತು. ಇದನ್ನೆಲ್ಲ ಕೇಳಿದವರ ಕರುಳು ಕುದಿಯದಿದ್ದರೆ ಅದೇ ಆಶ್ಚರ್ಯ. ಓರ್ಲ್ಯಾಂಡೋದಲ್ಲಿ ಪೂರ್ವಗ್ರಹವಿಲ್ಲದವರು ಸಿಕ್ಕುವುದು ದುಸ್ತರವೆಂದು ಜೂರರನ್ನು ದೂರದ ಪಿನೆಲಸ್ ಜಿಲ್ಲೆಯಿಂದ ಆರಿಸಿ ತಂದು, ವಿಚಾರಣೆ ಮುಗಿಯುವ ತನಕ ಮನೆಮಠಗಳಿಂದ ಅಗಲಿಸಿ ಇಡಬೇಕಾಯಿತು.

ಆದರೆ ಆ ಹನ್ನೆರಡು ಮಂದಿಯ ಮುಂದೆ ಇದ್ದ ಪ್ರಶ್ನೆ, ಈ ಹೆಂಗಸು ಒಳ್ಳೆಯ ತಾಯಿಯೇ ಎಂಬುದಾಗಿರಲಿಲ್ಲ. ಸರಕಾರವು ಮರಣದಂಡನೆಯನ್ನು ಬೇಡಿತ್ತು. ಮಗು ಹೇಗೆ ಸತ್ತಿತು? ಯಾವ ದಿನ, ಯಾವ ಸ್ಥಳದಲ್ಲಿ, ಯಾರ ಕೈಯಿಂದ? ಇದು ನರಹತ್ಯೆಯೆಂದು ಹೇಳಿದ ವೈದ್ಯಾಧಿಕಾರಿಯೇ ಸಾವಿನ ಕಾರಣವನ್ನು ನಿರ್ಧರಿಸಲಾಗಲಿಲ್ಲವೆಂದೂ ಬರೆದರು. ಆರು ತಿಂಗಳ ಮಳೆ ಬಿಸಿಲುಗಳು ಎಲುಬನ್ನಷ್ಟೇ ಉಳಿಸಿದ್ದವು. ಕಾರಿನೊಳಗಿನ ಗಾಳಿಯನ್ನು ಪರೀಕ್ಷಿಸಿ ಶವದ ವಾಸನೆಯನ್ನು ಸಿದ್ಧಪಡಿಸಲು ಹೊರಟ ಶಾಸ್ತ್ರವು ಆ ದೇಶದ ಜೂರಿಯೊಂದರ ಮುಂದೆ ಬಂದುದು ಅದೇ ಮೊದಲ ಸಲ. ಮಗು ಈಜುಕೊಳದಲ್ಲಿ ಮುಳುಗಿ ಸತ್ತಿತೆಂದು ಆರೋಪಿಯ ವಕೀಲರು ಹೇಳಿದರು. ಅದಕ್ಕೂ ಪುರಾವೆ ಸಾಲದೆಂಬುದು ದಿಟ. ಆದರೆ ಪುರಾವೆಯ ಹೊರೆ ಅವರ ಹೆಗಲ ಮೇಲಿರಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ವಾಚಕರು ವಿಶೇಷವಾಗಿ ಗಮನಿಸಬೇಕೆಂದು ನಮ್ಮ ಬಿನ್ನಹ. ಮನೆಯ ಕಂಪ್ಯೂಟರಿನಲ್ಲಿ ಕ್ಲೋರೋಫಾರ್ಮಿನ ವಿಷಯವನ್ನು 84 ಸಲ ನೋಡಲಾಗಿತ್ತೆಂದು ಸರಕಾರದ ಪಕ್ಷವು ಜೂರಿಯ ಮುಂದೆ ಸಾಧಿಸಿತು. ಕೊಲೆ ಪೂರ್ವಸಂಕಲ್ಪಿತವೆಂಬ ವಾದಕ್ಕೆ ಅದೊಂದು ದೊಡ್ಡ ಆಸರೆಯಾಗಿತ್ತು. ತೀರ್ಪು ಬಂದ ಮೇಲೆ, ಆ ಲೆಕ್ಕವನ್ನು ಹಾಕಿದ ಯಂತ್ರಕ್ರಮವನ್ನು ರಚಿಸಿದವರೇ, ಅದು ತಪ್ಪೆಂದೂ ನೋಡಿದುದು ಒಂದೇ ಸಲವೆಂದೂ ಬಹಿರಂಗವಾಗಿ ಹೇಳಿದರು. ಜನರ ಇಚ್ಛೆಯಂತೆ ಜೂರರು ನಡೆದಿದ್ದರೆ, ಒಂದನ್ನು ಎಂಬತ್ತನಾಲ್ಕೆಂದು ಎಣಿಸಿದ ಲೆಕ್ಕವೂ ಒಬ್ಬಳ ಕೊರಳಿನ ಮೇಲೆ ಕೂಡುತ್ತಿತ್ತು!

ಕೊಲೆಯಲ್ಲದಿದ್ದರೆ ಕಿರಿಯ ಅಪರಾಧಕ್ಕಾದರೂ ಶಿಕ್ಷಿಸಬಹುದಾಗಿತ್ತಲ್ಲವೇ ಎಂದು ಕೆಲವು ವಿಚಾರವಂತರೂ ಕೇಳಿದ್ದುಂಟು. ಇದು ತಳ್ಳಿಹಾಕತಕ್ಕ ಪ್ರಶ್ನೆಯಲ್ಲ. ಆದರೆ ಅಲಕ್ಷ್ಯದಿಂದ ಮಗುವನ್ನು ಸಾಯಗೊಟ್ಟಳೆಂದು ಹೇಳುವುದಕ್ಕೂ ಮಗು ಹೇಗೆ ಸತ್ತಿತೆಂಬುದು ತಿಳಿದಿರಬೇಕಷ್ಟೆ. ಸಿದ್ಧವಾದುದನ್ನು ಜೂರರು ಬಿಟ್ಟುಕೊಡಲಿಲ್ಲ. ಪೊಲೀಸರಿಗೆ ಸುಳ್ಳು ಹೇಳಿದ ನಾಲ್ಕು ಆರೋಪಗಳಲ್ಲಿ ಅವಳು ದೋಷಿಯೆಂದರು. ಅವುಗಳಲ್ಲಿ ಎರಡನ್ನು 2013ರಲ್ಲಿ ಮೇಲಿನ ನ್ಯಾಯಾಲಯವು ತೆಗೆದುಹಾಕಿತು. ತಾವು ಅವಳನ್ನು ನಿರಪರಾಧಿಯೆಂದು ಸಾರಲಿಲ್ಲ, ಪುರಾವೆ ಸಾಲದೆಂದು ಮಾತ್ರ ಹೇಳಿದೆವು ಎಂಬ ಅರ್ಥದ ಮಾತನ್ನು ಜೂರರಲ್ಲೊಬ್ಬರು ಆಮೇಲೆ ಆಡಿದರು.

ಜೂರಿಯ ತೀರ್ಪುಗಳೆಲ್ಲ ವೇದವಾಕ್ಯವೆಂದು ನಾವು ಹೇಳುತ್ತಿಲ್ಲ. 1908ರಲ್ಲಿ ಮುಂಬಯಿಯ ಹೈಕೋರ್ಟಿನಲ್ಲಿ ಏಳು ಮಂದಿ ಯುರೋಪಿಯನ್ ಜೂರರು, ಇಬ್ಬರು ಭಾರತೀಯರ ಅಭಿಪ್ರಾಯವನ್ನು ಮೀರಿ, ಲೋಕಮಾನ್ಯ ತಿಲಕರನ್ನು ದೋಷಿಯೆಂದು ನಿರ್ಣಯಿಸಿ ಆರು ವರ್ಷ ಮಂಡಾಲೆಗೆ ಕಳುಹಿಸಲು ಕಾರಣರಾದುದನ್ನು ಈ ನಾಡು ಮರೆತಿಲ್ಲ. ಅದೇ ಮುಂಬಯಿಯಲ್ಲಿ 1959ರಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿಯವರನ್ನು ಎಂಟಕ್ಕೆ ಒಂದರಂತೆ ಜೂರರು ನಿರ್ದೋಷಿಯೆಂದಾಗ ಜನ ಹರ್ಷದಿಂದ ಜಯಘೋಷ ಮಾಡಿದರು. ಸೆಷನ್ಸ್ ನ್ಯಾಯಾಧೀಶರು ಆ ತೀರ್ಪನ್ನು ಒಪ್ಪದೆ ಹೈಕೋರ್ಟಿಗೆ ಒಪ್ಪಿಸಿದರು. ಹೈಕೋರ್ಟು ಶಿಕ್ಷೆ ವಿಧಿಸಿತು. 1961ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅಲ್ಲಿ ಪುರಾವೆಯಿದ್ದಿತು, ಜನರ ಮನಸ್ಸು ಬೇರೆ ಕಡೆಗಿತ್ತು. ಓರ್ಲ್ಯಾಂಡೋದಲ್ಲಿ ಜನರ ಮನಸ್ಸು ಗಟ್ಟಿಯಾಗಿತ್ತು, ಪುರಾವೆ ಟೊಳ್ಳಾಗಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಲ್ಲವರು ನಮ್ಮಲ್ಲಿ ಎಷ್ಟು ಮಂದಿಯಿದ್ದಾರೆ?

ನಮ್ಮ ದೇಶದಲ್ಲಿ ಖುಲಾಸೆಯ ಮೇಲೂ ಸರಕಾರವು ಅಪೀಲು ಮಾಡಬಹುದು. ಅಮೆರಿಕದ ರಾಜ್ಯಘಟನೆಯ ಐದನೆಯ ತಿದ್ದುಪಡಿಯ ಮೇರೆಗೆ, ಜೂರಿಯು ಬಿಡುಗಡೆ ಮಾಡಿದವರನ್ನು ಅದೇ ಅಪರಾಧಕ್ಕಾಗಿ ಮತ್ತೆ ಕಟಕಟೆಗೆ ಏರಿಸುವಂತಿಲ್ಲ. ಆದುದರಿಂದ ಕೇಸೀ ಆಂಥೊನಿ ಸುಳ್ಳು ಹೇಳಿದುದಕ್ಕಾಗಿ ವಿಧಿಸಿದ ಶಿಕ್ಷೆಯ ಬಹುಭಾಗವನ್ನು ಮೊದಲೇ ಸೆರೆಯಲ್ಲಿ ಕಳೆದಿದ್ದ ಕಾರಣ ಜುಲೈ 17ರಂದು ಹೊರಬಂದಳು. ಜನರ ಕೋಪಕ್ಕೆ ಉಳಿದಿದ್ದ ನೆಟ್ಟಗಿನ ದಾರಿ ಶಾಸನಸಭೆಯದು. ಕಾಣೆಯಾದ ಮಗುವಿನ ವಿಷಯದಲ್ಲಿ ಪೊಲೀಸರಿಗೆ ಸುಳ್ಳು ಹೇಳುವುದನ್ನು ಹೆಚ್ಚು ಘೋರವಾದ ಅಪರಾಧವನ್ನಾಗಿ ಮಾಡುವ ಕಾನೂನನ್ನು ಫ್ಲಾರಿಡಾ 2012ರಲ್ಲಿ ಮಾಡಿಕೊಂಡಿತು. ಇದನ್ನು ನಾವು ಮೆಚ್ಚುತ್ತೇವೆ.

ಮೆಚ್ಚಲಾರದ ಸಂಗತಿಯೂ ಒಂದಿದೆ. ದಿನವಿಡೀ ಆ ಖಟ್ಲೆಯನ್ನು ನಾಟಕದಂತೆ ಬಿತ್ತರಿಸಿ, ತೀರ್ಪು ಬರುವ ಮುಂಚೆಯೇ ತೀರ್ಪು ಕೊಟ್ಟಿದ್ದ ಟೆಲಿವಿಷನ್ ವ್ಯಾಖ್ಯಾನಕಾರರು ಜನರ ಕೋಪವನ್ನು ಜೂರರ ಕಡೆಗೆ ತಿರುಗಿಸಲು ಹಿಂಜರಿಯಲಿಲ್ಲ. ದಿನಗೂಲಿಯಷ್ಟೂ ಗಿಟ್ಟದ ಭತ್ಯಕ್ಕೆ ವಾರಗಟ್ಟಲೆ ಮನೆ ಬಿಟ್ಟು, ಕೇಳಿದುದನ್ನೆಲ್ಲ ಕೇಳಿ, ಹನ್ನೆರಡು ಮಂದಿಯೂ ಒಮ್ಮತಕ್ಕೆ ಬಂದ ಈ ಸಾಮಾನ್ಯ ಜನರ ಪ್ರಾಣಕ್ಕೆ ಅಪಾಯ ಬರಬಹುದೆಂದು ನ್ಯಾಯಾಧೀಶ ಬೆಲ್ವಿನ್ ಪೆರ್ರಿಯವರು ಅವರ ಹೆಸರುಗಳನ್ನು ಅಕ್ಟೋಬರಿನವರೆಗೆ ಹೊರಗೆಡಹದೆ ಮುಚ್ಚಿಡಬೇಕಾಯಿತು.